ಎಂಟು ಚೀಲ ಜೋಳದ ಬಯಾನು

ಕಮಲಾಪುರದ ದೇವೀಂದ್ರಪ್ಪನ ಮನೆಗೆ ತಿಂಗಳಿಗೊಮ್ಮೆ ಪೊಲೀಸ್ ಜವಾನ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು, ಮನೆಯಲ್ಲಿ ಎಷ್ಟು ಜನ, ಹೊಸಬರು ಯಾರಾದರೂ ಬಂದು ಹೋದರೇ ಎಂದು ವಿಚಾರಿಸಿ, ಎರಡು ರೊಟ್ಟಿ ಶೇಂಗಾ ಹಿಂಡಿ ತಿಂದು, ಹೋಗುವಾಗ ಒಂದು ಡಜನ್ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಹೋಗುತ್ತಿದ್ದ. ಈ ಹಾಜರಿ ಹತ್ತು ವರ್ಷದಿಂದ ನಡೆದಿತ್ತು. ಅದಕ್ಕೆ ಕಾರಣನಾದವನು ದೇವೀಂದ್ರಪ್ಪನ ತಮ್ಮ ಸಾಯಬಣ್ಣ. ಅವನು ಸತ್ತೇ ಒಂಬತ್ತು ವರ್ಷವಾಗಿತ್ತು. ಸತ್ತವನ ಮೇಲೆ ಇಷ್ಟು ಕಾಳಜಿ ಇಟ್ಟ ಸರಕಾರ ಇನ್ನೆಲ್ಲೂ ಇರಲಿಕ್ಕಿಲ್ಲ.

ಸಾಯಬಣ್ಣ ಹರೆಯದಲ್ಲಿ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ, ಕೆಂಪು ಬಾವುಟದವರ ಜೊತೆ ಕೂಡಿ, ಕಮ್ಯುನಿಸ್ಟನಾಗಿ ಕಲಬುರ್ಗಿಗೆ ಬಂದವನು. ಅಲ್ಲಿ ಒಂದು ಅರಳೆ ಗಿರಣಿ ಸೇರಿದ. ಗಿರಣಿಯವರು ಕೂಲಿ ಕಡಿಮೆ ಮಾಡಿದಾಗ ಆಳುಗಳನ್ನೆಲ್ಲ ಹೊರಗೆ ಕರೆತಂದು ಇಪ್ಪತ್ತೆರಡು ದಿನ ಮುಷ್ಕರ ಹೂಡಿದ. ಇಪ್ಪತ್ತಮೂರನೆಯ ದಿನ ಜೈಲಿಗೆ ಹೋದ. ಮುಂದಿನ ಮಳೆಗಾಲದಲ್ಲಿ ಜೈಲಿನಲ್ಲೇ ಕಾಲರಾ ಆಗಿ ತೀರಿಕೊಂಡ. ಊರಿನವರಿಗೆ ಅವನ ವಿಷಯ ಅಷ್ಟೇ ಗೊತ್ತು. ಮನೆಯವರಿಗೆ ಇನ್ನೊಂದು ಗೊತ್ತಿತ್ತು. ಮುಷ್ಕರದ ವರ್ಷ ಶಿವರಾತ್ರಿಯ ಹೊತ್ತಿಗೆ ಅಂಗಳದ ಹಗೇವು, ಅಂದರೆ ಕಾಳು ಹೂತಿಡುವ ನೆಲಗುಣಿ, ತೆರೆದಾಗ ಇಪ್ಪತ್ತು ಚೀಲ ಜೋಳ ಇರಬೇಕಾದಲ್ಲಿ ಹನ್ನೆರಡೇ ಇದ್ದವು. ದೇವೀಂದ್ರಪ್ಪ ಜೈಲಿಗೆ ಹೋಗಿ ಕೇಳಿದಾಗ ತಮ್ಮ ಮುಚ್ಚುಮರೆ ಮಾಡಲಿಲ್ಲ. "ಎಂಟು ಚೀಲ ನಾ ಒಯ್ದೀನಿ ಅಣ್ಣಾ. ಮತ್ತ ಯಾರನ್ನೂ ಏನೂ ಕೇಳಬ್ಯಾಡ" ಎಂದ. ಅಣ್ಣ ತಮ್ಮಂದಿರ ಕೊನೆಯ ಮಾತು ಅದೇ ಆಯಿತು.

ಸಾವಿರದ ಒಂಬೈನೂರ ನಲವತ್ತರ ಕಾರ್ತಿಕದಲ್ಲಿ ಜವಾನನ ಬದಲು ಅವನ ಮೇಲಿನ ಅಮೀನ್ ಸಾಹೇಬರೇ ಕುದುರೆ ಏರಿ ಬಂದರು. ರೊಟ್ಟಿ ಬೇಡವೆಂದರು. ಅದರಲ್ಲೇ ವಿಷಯ ದೊಡ್ಡದೆಂದು ದೇವೀಂದ್ರಪ್ಪನಿಗೆ ತಿಳಿಯಿತು.

"ನಿನ್ನ ತಮ್ಮ ಮನ್ಯಾಗಿನ ಜೋಳ ಚೋರಿ ಮಾಡಿದ್ದ, ಸಚ್ ಅದ ಏನು?"

"ಸಚ್ ಅದ ಸರಕಾರ."

"ಅಷ್ಟೇ ಬಯಾನು ಕೊಡು, ಹೇಳಿಕಿ ಬರಸು. ಗಿರಣಿ ಮಂದಿ ಹತ್ತು ವರ್ಷ ಆತು ಅಂತ ಕಲಬುರ್ಗಿಯಾಗ ಅವನ ಹೆಸರಿಲೆ ಜಲ್ಸಾ, ದೊಡ್ಡ ಸಭಾ ಮಾಡತಾರಂತ. ವಾಚನಾಲಯಕ್ಕ ಅವನ ಹೆಸರು ಇಡತಾರಂತ. ಖುದ್ದು ಅಣ್ಣನ ಬಯಾನು ಇದ್ದರ, ಚೋರನ ಹೆಸರಿಗೆ ಇಜಾಜತ್ ಪರವಾನಗಿ ಇಲ್ಲ ಅಂತ ಬರದು ಕೈ ತೊಳಕೋತೀನಿ. ನಿನಗೂ ಫಾಯದಾ ಅದ. ಹಾಜರಿ ಬಂದ್ ಮಾಡಸ್ತೀನಿ."

ಎಳ್ಳಮಾವಾಸ್ಯೆ ಕಳೆದು ಮೂರನೆಯ ದಿನ ಬರೆದುಕೊಳ್ಳಲು ಮುನ್ಶಿಯನ್ನು ಕರೆದುಕೊಂಡು ಬರುವುದಾಗಿ ಹೇಳಿ ಅವರು ಹೊರಟರು. ಸಭೆ ಅದರ ಮರುವಾರವೇ ಇತ್ತು.

ಆ ಹೊತ್ತಿನ ಊಟಕ್ಕೆ ಪುಂಡಿಪಲ್ಯ ಇತ್ತು. ಸಿಟ್ಟು ಬಂದರೆ ಕೆಲವರು ಊಟ ಬಿಡುತ್ತಾರೆ. ದೇವೀಂದ್ರಪ್ಪ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುವ ಪೈಕಿ. ಹೆಂಡತಿ ಬಂಡೆಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ತಾಯಿ ನೀಲಗಂಗಮ್ಮ ಗೋಡೆಗೆ ಆತುಕೊಂಡಿದ್ದಳು. ಸಾಯಬಣ್ಣನ ಮಗಳು ಶಂಕ್ರಮ್ಮ ಬಡಿಸುತ್ತಿದ್ದಳು. ಅವಳಿಗೆ ಹದಿನೈದು. ತಂದೆ ಹೋದ ವರ್ಷವೇ ತಾಯಿಯೂ ಜ್ವರದಲ್ಲಿ ಹೋದಮೇಲೆ ಬಂಡೆಮ್ಮನೇ ಅವಳನ್ನು ಸಾಕಿದವಳು.

"ದೊಡ್ಡಪ್ಪ, ನೀವು ಹೆಬ್ಬಟ್ಟು ಒತ್ತತೀರೇನು?" ಎಂದು ಶಂಕ್ರಮ್ಮ ನೇರವಾಗಿಯೇ ಕೇಳಿದಳು.

"ಒತ್ತತೀನಿ. ಸುಳ್ಳೇನು ಬರಸಾಕತ್ತಿಲ್ಲ."

"ಸರಕಾರದ ಕಾಗದದಾಗ ಕಳ್ಳ ಅಂತ ಬಿದ್ದರ ನಾ ಸಾಯೂತನಕ ಕಳ್ಳನ ಮಗಳೇ ಆಗ್ತೀನಿ."

"ಅದನ್ನ ಅವ ವಿಚಾರ ಮಾಡಬೇಕಿತ್ತು. ಊರ ಮಂದಿಗೆ ಉಣಿಸಾಕ ಹೋದ. ಆ ಬ್ಯಾಸಗಿ ನಾವು ಏನು ಉಂಡೀವಿ ಕೇಳು ಗ್ವಾಡಿಗೆ ಕುಂತ ನಿನ್ನ ಆಯೀನ. ಒಂದು ಜೋಡಿ ಎತ್ತು ಮಾರಿದೆ. ನಿಮ್ಮವ್ವ ಜ್ವರದಾಗ ಮಲಗಿದಾಗ ಗಂಜಿಗೆ ಕಾಳು ಇರಲಿಲ್ಲ ಮನ್ಯಾಗ. ಮಂದಿ ಅವನಿಗೆ ದೊಡ್ಡಾಂವ ಅಂತಾರ. ಅನ್ನಲಿ. ಹಸಗೊಂಡವರು ನಾವು."

ಇದು ಸುಳ್ಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನೀಲಗಂಗಮ್ಮ ಮಾತ್ರ, "ಮಂದಿ ಮನಿ ಜೋಳ ಒಯ್ದಿಲ್ಲ ಅವ. ಅವನ ಪಾಲೂ ಇತ್ತು ಅದರಾಗ" ಎಂದಳು.

"ಪಾಲು ಕೇಳಿದ್ದರ ಕೊಡತಿದ್ದೆ ಅವ್ವಾ. ಕೇಳಲಿಲ್ಲ. ನನ್ನ ಒಂದು ಮಾತು ಕೇಳಲಿಲ್ಲ."

ಅವನ ದನಿ ಅಲ್ಲಿ ಸಣ್ಣದಾಯಿತು. ಹತ್ತು ವರ್ಷದ ಸಿಟ್ಟಿನ ತಳದಲ್ಲಿದ್ದದ್ದು ಜೋಳವಲ್ಲ, ತಮ್ಮ ತನ್ನನ್ನು ಕೇಳಲಿಲ್ಲವಲ್ಲ ಎಂಬ ಈ ಸಂಕಟ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅದನ್ನು ಬಂಡೆಮ್ಮ ತನ್ನ ತಾಟಿಗೆ ಹಾಕಿಕೊಂಡಳು.

ಎರಡು ವಾರ ಕಳೆದು ಕಲಬುರ್ಗಿಯ ರೋಜಾ ಓಣಿಯ ದರ್ಗಾದಲ್ಲಿ ಬಂದೇನವಾಜರ ಉರುಸು ಬಂತು. ಉರುಸಿಗೆ ಕಮಲಾಪುರದ ಕೆಂಪು ಬಾಳೆ ಮಾರಾಟವಾದಷ್ಟು ವರ್ಷವಿಡೀ ಆಗುವುದಿಲ್ಲ. ದೇವೀಂದ್ರಪ್ಪ ಗಾಡಿ ತುಂಬಿದ. ಹಣ್ಣು ಮುಟ್ಟಿದರೆ ಕಪ್ಪಾಗುತ್ತವೆ, ಹುಲ್ಲು ಹಾಸಿ ಜೋಡಿಸಲು ಹಗುರ ಕೈ ಬೇಕು ಎಂದು ಶಂಕ್ರಮ್ಮನನ್ನೂ ಕರೆದುಕೊಂಡ. ಶರಣಬಸವೇಶ್ವರ ಗುಡಿಯಲ್ಲಿ ಪ್ರಸಾದ ಉಂಡು ತಂಗಿ, ಬೆಳಗಾದ ಮೇಲೆ ರೋಜಾಕ್ಕೆ ಗಾಡಿ ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಬಿಳಿ ಗಡ್ಡದ ಒಬ್ಬ ಮುದುಕ ಎರಡು ಚಾ ಕಪ್ಪು ಹಿಡಿದು ಗಾಡಿಯ ಬಳಿ ಬಂದ. ಅವನನ್ನು ಕಂಡದ್ದೇ ದೇವೀಂದ್ರಪ್ಪ ಮುಖ ತಿರುಗಿಸಿದ. ಬುರ್ಹಾನುದ್ದೀನ್, ಸಾಯಬಣ್ಣನ ಜೊತೆ ಗಿರಣಿಯಲ್ಲಿದ್ದವನು. ಮುಷ್ಕರದ ಮೇಲೆ ಕೆಲಸ ಕಳೆದುಕೊಂಡು ಈಗ ಅಲ್ಲೇ ಮಗ್ಗುಲಲ್ಲಿ ಚಾದ ಅಂಗಡಿ ಇಟ್ಟಿದ್ದ.

"ಅಣ್ಣಾವರು ಬಯಾನು ಕೊಡತಾರಂತ ಕೇಳಿದೆ" ಎಂದ ಬುರ್ಹಾನುದ್ದೀನ್.

"ಕೊಡತೀನಿ. ನಿಮ್ಮ ಮುಷ್ಕರದಿಂದ ಏನು ಬಂತು ಹೇಳ್ರಿ. ಕೂಲಿ ಏರಲಿಲ್ಲ. ಮೂವತ್ತು ಮಂದಿ ಮನಿಗೆ ಹೋದ್ರಿ. ನನ್ನ ತಮ್ಮ ಮಣ್ಣಿಗೆ ಹೋದ."

"ಖರೇ. ಸೋತೀವಿ. ನಾ ಗೆದ್ದೀವಿ ಅಂತ ಎಲ್ಲೂ ಹೇಳಂಗಿಲ್ಲ." ಮುದುಕ ಚಾ ಗಾಡಿಯ ಹಲಗೆಯ ಮೇಲಿಟ್ಟ. "ಆದರ ಇಪ್ಪತ್ತೆರಡು ದಿನ ಯಾರೂ ಉಪಾಸ ಮಲಗಲಿಲ್ಲ. ಅದು ನಾ ಕಣ್ಣಿಲೆ ನೋಡೀನಿ. ಸಾಯಬಣ್ಣ ಹೇಳಿದ, ಹಸಿವಿನಿಂದ ಒಬ್ಬ ಕೆಲಸಕ್ಕ ಹೋದನೋ ಎಲ್ಲಾರೂ ಹೋಗ್ತಾರ ಅಂತ. ಒಬ್ಬನೂ ಹೋಗಲಿಲ್ಲ."

"ನನ್ನ ಜೋಳದ ಮ್ಯಾಲ."

"ಹೌದ್ರಿ. ನಿಮ್ಮ ಜೋಳದ ಮ್ಯಾಲ. ಅದಕ್ಕ ನಿಮಗ ಸಲಾಮ್ ಮಾಡಾಕ ಬಂದೀನಿ, ಜಗಳಕ್ಕ ಅಲ್ಲ."

ಅಷ್ಟರಲ್ಲಿ ಗಿರಾಕಿಗಳು ಬಂದರು. ಬುರ್ಹಾನುದ್ದೀನನ ಹೆಂಡತಿ ಜುಬೇದಾ ಬಂದು ಶಂಕ್ರಮ್ಮನ ಕೈ ಹಿಡಿದು ಅಂಗಡಿಯ ಹಿಂದಿನ ತಮ್ಮ ಮನೆಗೆ ಕರೆದೊಯ್ದಳು. ಕೂರಿಸಿದ ಮೇಲೂ ಅವಳು ಆ ಕೈ ಬಿಡಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹುಡುಗಿಯ ಮುಖ ನೋಡಿದರು. "ಕಣ್ಣು ಅಪ್ಪಂದೇ" ಎಂದರು.

"ಈ ಓಣಿಯಾಗ ಹದಿನೇಳು ಬೀಸೂಕಲ್ಲು ಅದಾವ ಬೇಟಿ" ಎಂದಳು ಜುಬೇದಾ. "ಗಾಡಿ ಬಂದ ದಿನ ಹದಿನೇಳೂ ತಿರುಗಿದವು. ನಾವು ಬೀಸಿದೆವು, ಹೊಲಗೇರಿ ಹೆಣ್ಮಕ್ಕಳು ಅಂಬಲಿ ಕಾಸಿದರು, ನಿಮ್ಮ ಲಿಂಗಾಯತರು ಬಡಿಸಿದರು. ಮೊದಲನೇ ದಿನ ಯಾರೂ ಯಾರ ಮಗ್ಗಲ ಕೂಡಲಿಲ್ಲ, ತಾಟು ಹಿಡಕೊಂಡು ನಿಂತರು. ನಿಮ್ಮಪ್ಪ ಬಂದು ನಡುವ ಕುಂತ. ಉಣ್ಣಾವರು ಕುಂತು ಉಣ್ರಿ, ನಿಂತವರ ಅಂಬಲಿ ಆರತದ ಅಂದ. ಎಲ್ಲಾರೂ ಕುಂತರು. ಆರುನೂರು ಮಂದಿ, ಮಕ್ಕಳು ಮರಿ ಸೇರಿ."

ಹತ್ತು ವರ್ಷ ಶಂಕ್ರಮ್ಮ ಕೇಳಿದ್ದ ಅಪ್ಪ ಹಗೇವಿಗೆ ಇಳಿದ ಒಬ್ಬ ಮನುಷ್ಯ, ಅಷ್ಟೇ. ಆರುನೂರು ಜನರನ್ನು ಒಂದು ಸಾಲಿನಲ್ಲಿ ಕೂರಿಸಿದವನು ತನ್ನನ್ನು ಎತ್ತಿ ಆಡಿಸಿದ್ದ ಕೈಯವನೇ ಎಂದುಕೊಂಡಾಗ ಅವಳಿಗೆ ಹೆಮ್ಮೆಗಿಂತ ಹೆಚ್ಚು ಹೆದರಿಕೆಯೇ ಆಯಿತು. ಅಷ್ಟು ದೊಡ್ಡದನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯದೆ ಕೂತಳು.

ಹೊರಡುವಾಗ ಅವಳು ಬುರ್ಹಾನುದ್ದೀನನನ್ನು ಕೇಳಿದಳು. "ಕಾಕಾ, ನಮ್ಮ ಮನಿಗೆ ಗಾಡಿ ತಂದವರು ನೀವೇನು?"

"ನಾನೇ. ಊರ ಹೊರಗ ಹುಣಸಿ ಗಿಡದ ಕೆಳಗ ನಿಂತಿದ್ದೆ. ಎಳ್ಳಮಾಸಿ ದಿನ ಊರೆಲ್ಲಾ ಹೊಲದಾಗ ಇತ್ತು. ಅಪ್ಪ ಒಂದೊಂದು ಚೀಲ ಬೆನ್ನ ಮ್ಯಾಲ ಹೊತ್ತು ತಂದು ಹಾಕಿದ. ಮನಿ ಹತ್ತರ ಬರಬ್ಯಾಡ ಅಂದಿದ್ದ. ನಾ ಬರಲಿಲ್ಲ."

"ಒಳಗ ಅವನ ಜೊತಿ ಯಾರಿದ್ದರು?"

"ಯಾರೂ ಇಲ್ಲ ಬೇಟಿ. ನಾವು ಬಂದದ್ದು ಇಬ್ಬರೇ."

ಊರಿಗೆ ಬಂದ ನಾಲ್ಕನೆಯ ದಿನ, ಎಳ್ಳಮಾವಾಸ್ಯೆಯ ಅಡುಗೆಗೆ ಕಾಳು ಬೇಕೆಂದು ಹಗೇವು ತೆರೆದರು. ದೇವೀಂದ್ರಪ್ಪ ಬೆಳಿಗ್ಗೆಯೇ ಮಣ್ಣು ಬಿಡಿಸಿ ಹಾಸುಗಲ್ಲು ಸರಿಸಿದ. ಒಳಗಿನ ಕೆಟ್ಟ ಝಳ ಹೋಗಲಿ ಎಂದು ಮಧ್ಯಾಹ್ನದವರೆಗೆ ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆ ಹಗ್ಗ ಹಿಡಿದು ಇಳಿದ. ಎರಡಾಳು ಆಳ. ಅವನು ಕೆಳಗೆ ಬುಟ್ಟಿ ತುಂಬಿದ, ಮೇಲೆ ನಿಂತು ಶಂಕ್ರಮ್ಮ ಸೇದಿದಳು. ಐದನೆಯ ಬುಟ್ಟಿಗೆ ಅವಳ ಅಂಗೈ ಉರಿಯತೊಡಗಿತು. ಒಂದು ಚೀಲ ತುಂಬುವಷ್ಟರಲ್ಲಿ ಸಾಕಾಯಿತು. ಕೊನೆಗೆ ದೊಡ್ಡಪ್ಪ ಕೆಳಗಿನಿಂದ "ಹಗ್ಗ ಬಿಡು, ನಾ ಬರತೀನಿ" ಎಂದ. ಅವಳು ಹಗ್ಗವನ್ನು ಕಂಬಕ್ಕೆ ಕಟ್ಟಿ ಇಳಿಬಿಟ್ಟು, ಅವನು ಮೇಲೆ ಬಂದು ಧೂಳು ಕೊಡವುವವರೆಗೂ ಅವನನ್ನೇ ನೋಡುತ್ತ ನಿಂತಳು.

"ದೊಡ್ಡಪ್ಪ, ಕೆಳಗ ಇದ್ದಾಂವ ತಾನೇ ಬುಟ್ಟಿ ತುಂಬಿ ತಾನೇ ಮ್ಯಾಲ ಸೇದಾಕ ಬರತದೇನು?"

"ಹುಚ್ಚಿ, ಅದು ಹ್ಯಾಂಗ ಬರತದ?"

"ಮತ್ತ ನಮ್ಮಪ್ಪ ಎಂಟು ಚೀಲ ಹ್ಯಾಂಗ ತಗದ?"

ದೇವೀಂದ್ರಪ್ಪನ ಕೈ ಧೂಳು ಕೊಡವುವುದನ್ನು ನಿಲ್ಲಿಸಿತು. ಹುಟ್ಟಿದಾಗಿನಿಂದ ಹಗೇವು ತುಂಬಿದವನು, ತೆಗೆದವನು. ಊರಲ್ಲಿ ಯಾರದೇ ಹಗೇವು ತೆರೆದರೂ ಇಬ್ಬರು ಬೇಕೆಂದು ಬೇರೆಯವರಿಗೆ ಹೇಳಿಕೊಡುವವನು. ತಮ್ಮನ ಮೇಲಿನ ಸಿಟ್ಟಿನಲ್ಲಿ ಹತ್ತು ವರ್ಷ ಈ ಒಂದು ಮಾತು ಅವನ ತಲೆಗೆ ಹೊಳೆದಿರಲಿಲ್ಲ.

"ಯಾವನೋ ಅವನಂಥವನೇ ಜೊತಿಗಾರ ಇರಬೇಕು" ಎಂದು ಹೇಳಿ ಒಳಗೆ ಹೋದ. ಬುರ್ಹಾನುದ್ದೀನ್ ಹೇಳಿದ್ದನ್ನು ಶಂಕ್ರಮ್ಮ ಹಿಂದೆಯೇ ಹೋಗಿ ಹೇಳಿದಳು. ಅವನು ಕೇಳದವನಂತೆ ನೀರು ಕುಡಿದ.

ಆ ವಾರ ಮನೆಯಲ್ಲಿ ಎಲ್ಲವೂ ಅಡ್ಡಾದಿಡ್ಡಿ ನಡೆಯಿತು. ಬಂಡೆಮ್ಮ ಒಂದು ದಿನ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. ಎಮ್ಮೆ ಕರೆಯಲು ಕೂತವಳು ಖಾಲಿ ಚೆಂಬು ಹಿಡಿದು ಎದ್ದು ಬಂದಳು. ದೇವೀಂದ್ರಪ್ಪ ಓಣಿಯ ಒಬ್ಬೊಬ್ಬರನ್ನೂ ಅನುಮಾನಿಸಿ, ಸಂಜೆಗೆ ಒಬ್ಬೊಬ್ಬರನ್ನೂ ಬಿಟ್ಟುಕೊಟ್ಟ. ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋದರು. ಭಜ್ಜಿ, ಸಜ್ಜೆ ಕಡಬು, ಅಂಬಲಿ ಎಲ್ಲ ಇತ್ತು. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವಾಗ ದೇವೀಂದ್ರಪ್ಪ ತಾಯಿಯನ್ನು ಕೇಳಿದ.

"ಅವ್ವಾ, ಆ ವರ್ಷ ಎಳ್ಳಮಾಸಿಗೆ ಹೊಲಕ್ಕ ಯಾರ್ಯಾರು ಬಂದಿದ್ದೆವು?"

"ಎಲ್ಲಾರೂ ಬಂದಿದ್ದೆವು" ಎಂದಳು ನೀಲಗಂಗಮ್ಮ. ಚರಗದ ಬುಟ್ಟಿ ಅವನ ಕೈಗಿಡುತ್ತ, "ಜ್ವರ ಬಂದವರನ್ನ ಬಿಟ್ಟು" ಎಂದಳು.

ಅವನು ಮತ್ತೆ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂದು ಅವನಿಗೆ ಅಂಜಿಕೆ ಹುಟ್ಟಿತ್ತು.

ಮೂರನೆಯ ದಿನ ಅಮೀನ್ ಸಾಹೇಬರು ಬಂದರು. ಮುನ್ಶಿ ಕಟ್ಟೆಯ ಮೇಲೆ ಚಾಪೆ ಹಾಸಿಸಿಕೊಂಡು, ಮಸಿಯ ದೌತಿ ಬಿಚ್ಚಿ, ಉರ್ದುವಿನಲ್ಲಿ ದೇವೀಂದ್ರಪ್ಪನ ಹೆಸರು, ಅವನಪ್ಪನ ಹೆಸರು, ಊರು, ತಾಲೂಕು ಬರೆದುಕೊಂಡ. ಬರೆದಷ್ಟನ್ನು ಕನ್ನಡದಲ್ಲಿ ಓದಿ ಹೇಳಿದ. ಹೆಂಗಸರು ಮೂವರೂ ನಡುಮನೆಯ ಬಾಗಿಲಲ್ಲಿ ನಿಂತಿದ್ದರು. ಶಂಕ್ರಮ್ಮ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಹೂಂ, ಹೇಳು. ತಮ್ಮ ಸಾಯಬಣ್ಣ ಮನ್ಯಾಗ ಯಾರೂ ಇಲ್ಲದಾಗ ಹಗೇವು ಒಡದು ಎಂಟು ಚೀಲ ಜೋಳ ಚೋರಿ ಮಾಡಿದ. ಹಿಂಗ ಬರೀಲೇನು?"

ದೇವೀಂದ್ರಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ದನಿ ಬಂತು.

"ಯಾರೂ ಇಲ್ಲದಾಗ ಅಂತ ಬರೀಬ್ಯಾಡ್ರಿ. ನಾ ಇದ್ದೆ."

ಬಂಡೆಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಪರಗಂಡಸರ ಮುಂದೆ ಅವಳು ಹಾಗೆ ಬಂದು ನಿಂತದ್ದು ಅದೇ ಮೊದಲು.

"ಅವ ಕೆಳಗ ಇಳದಿದ್ದ. ಮ್ಯಾಲ ನಿಂತು ಸೇದಿದಾಕಿ ನಾ. ಕಳ್ಳತನ ಅಂತ ಬರೀತಿದ್ದರ ಇಬ್ಬರ ಹೆಸರೂ ಬರೀರಿ."

ಮುನ್ಶಿಯ ಲೆಕ್ಕಣಿಕೆ ನಿಂತಿತು. ಅಮೀನರು ದೇವೀಂದ್ರಪ್ಪನನ್ನು ನೋಡಿದರು. ದೇವೀಂದ್ರಪ್ಪ ಹೆಂಡತಿಯನ್ನು ನೋಡಿದ.

"ನೀ ಜ್ವರ ಬಂದು ಮಲಗಿದ್ದಿ."

"ಜ್ವರ ಇರಲಿಲ್ರಿ. ಮುಂಜಾನೆ ನೀವು ಹೊಲದ ಹಾದಿ ಹಿಡದ ಕೂಡ್ಲೇ ಹಗೇವಿನ ಬಾಯಿ ತೆರದೆವು. ಝಳ ಹೋಗೂತನಕ ಕುಂತೆವು. ಅರವತ್ತೆಂಟು ಬುಟ್ಟಿ. ಕಡಿಗೆ ಅಂಗೈ ತೊಗಲು ಹಗ್ಗಕ್ಕ ಹತ್ತಿತ್ತು."

"ನನಗ ಗೊತ್ತಿತ್ತು" ಎಂದಳು ನೀಲಗಂಗಮ್ಮ ಒಳಗಿನಿಂದ. "ಮುಂದ ಎಂಟು ದಿನ ರೊಟ್ಟಿ ನಾ ಬಡದೀನಿ. ಆಕಿಗೆ ಹಿಟ್ಟಿನಾಗ ಕೈ ಇಡಾಕ ಆಗತಿರಲಿಲ್ಲ. ನೀ ಎಂಟೂ ದಿನ ಉಂಡಿ ದೇವೀಂದ್ರಾ. ಅವ್ವ ಯಾಕ ಬಡೀತಾಳ ಅಂತ ಕೇಳಲಿಲ್ಲ. ಶಿವರಾತ್ರಿಗೆ ಹಗೇವು ತೆರದಾಗ ನನಗ ತಿಳೀತು."

ದೇವೀಂದ್ರಪ್ಪ ಕಟ್ಟೆಯ ಅಂಚಿಗೆ ಕೂತ. ಅವನ ಬಾಯಿಂದ ಅದೇ ಹಳೆಯ ಮಾತು ಬಂತು.

"ನನ್ನ ಯಾಕ ಕೇಳಲಿಲ್ಲ ಅವ?"

"ಕೇಳತೀನಿ ಅಂತಲೇ ಬಂದಿದ್ದ. ಬ್ಯಾಡ ಅಂದಾಕಿ ನಾ" ಎಂದಳು ಬಂಡೆಮ್ಮ. "ಕೇಳಿದ್ದರ ನೀವು ಇಲ್ಲ ಅಂತಿದ್ರಿ. ನೀವು ಇಲ್ಲ ಅಂದಮ್ಯಾಲ ನಾನೂ ಕೊಡೂಹಂಗ ಇರಲಿಲ್ಲ. ಅದಕ್ಕ ಬ್ಯಾಡ ಅಂದೆ. ನನ್ನ ಹೆಸರು ಎಲ್ಲೂ ತಗೀಬಾರದು ಅಂತ ಆಣಿ ಹಾಕಿದೆ. ಸಾಯೂತನಕ ತಗೀಲಿಲ್ಲ. ನೀವು ಅವನ್ನ ಬೈದಾಗೆಲ್ಲಾ ನಾ ಕೇಳಕೋತ ಕುಂತೆ. ಶಂಕ್ರಿ ಅವ್ವ ಗಂಜಿ ಇಲ್ಲದ ಹೋದಾಗ ನನ್ನ ಕೈ ನಾ ಕಡಕೋಬೇಕು ಅನಿಸ್ತು. ಅದಕ್ಕ ಈ ಪಾಪಾನೂ ನನ್ನ ಹೆಸರಿಗೇ ಬರೀರಿ."

ಮುನ್ಶಿ ವಯಸ್ಸಾದವನು. ಸರಕಾರದ ಕಾಗದಕ್ಕೆ ಸಂಬಂಧವಿಲ್ಲದ ಪ್ರಶ್ನೆಯೊಂದನ್ನು ಅವನು ಕೇಳಿದ. "ಯಾಕ ಕೊಟ್ಟಿ ತಾಯಿ?"

ಬಂಡೆಮ್ಮ ಮುನ್ಶಿಯ ಕಡೆ ತಿರುಗಿದಳು.

"ಉಣ್ಣಾವರು ಎಷ್ಟು ಮಂದಿ ಅಂತ ಕೇಳಿದೆ. ಆರುನೂರು ಅಂದ. ನಾ ಈ ಮನಿಗೆ ಬಂದಾಗಿಂದ ಆರು ಮಂದಿಗೆ ರೊಟ್ಟಿ ಬಡದಾಕಿ. ಆರುನೂರು ಅಂದಕೂಡ್ಲೇ ನನ್ನ ಮೈ ಝುಂ ಅಂತು. ಅವ ಹೇಳೂ ಕಮ್ಯುನಿಸ್ಟ್ ಗಿಮ್ಯುನಿಸ್ಟ್ ನನಗ ತಿಳೀಲಿಲ್ಲ. ನನ್ನ ಕೈಯಿಂದ ಅಷ್ಟು ಮಂದಿ ಉಣತಾರ ಅಂದರ ಹ್ಯಾಂಗ ಇಲ್ಲ ಅನ್ನಲಿ?"

ಅಮೀನರು ಕೈ ಎತ್ತಿ ಮುನ್ಶಿಯನ್ನು ತಡೆದರು. "ದೇವೀಂದ್ರಪ್ಪ, ಈ ಹೆಣ್ಮಗಳ ಮಾತು ಬರಸಿದರ ನಿನ್ನ ಮನಿ ಹಾಜರಿ ಹೋಗಂಗಿಲ್ಲ, ಇನ್ನಷ್ಟು ಆಗ್ತದ. ಆಕೀನ ಒಳಗ ಕಳಸು. ಮೊದಲಿನ ಮಾತೇ ಬರೀತೀವಿ."

ದೇವೀಂದ್ರಪ್ಪ ಎದ್ದು ರುಮಾಲು ಸರಿಮಾಡಿಕೊಂಡ. ಅವನಿಗೆ ಸಿಟ್ಟಿತ್ತು, ನಾಚಿಕೆ ಇತ್ತು. ಅವೆರಡನ್ನೂ ಮೀರಿ, ಮೂವತ್ತು ವರ್ಷ ಜೊತೆಗಿದ್ದ ಈ ಹೆಂಗಸನ್ನು ಇಂದೇ ಮೊದಲ ಸಲ ಕಂಡಂತಹ ಬೆರಗಿತ್ತು.

"ಹಿಂಗ ಬರೀರಿ ಮುನ್ಶಿ ಸಾಹೇಬ್ರ. ನಮ್ಮ ಮನ್ಯಾಗ ಚೋರಿ ಆಗಿಲ್ಲ. ಎಂಟು ಚೀಲ ಜೋಳ ಮನಿಯವರು ಕೈಯಾರೆ ಕೊಟ್ಟಾರ. ತಮ್ಮ ಒಯ್ದು ಮಂದಿಗೆ ಉಣಿಸ್ಯಾನ. ಬರದು ಓದಿ ಹೇಳ್ರಿ."

"ಇಂಥಾ ಬಯಾನು ನನಗ ಬ್ಯಾಡ" ಎಂದು ಅಮೀನರು ಎದ್ದರು.

"ನೀವು ಕೇಳಿದ್ರಿ, ನಾ ಹೇಳೀನಿ. ಬರಕೊಂಡೇ ಹೋಗ್ರಿ ಸರಕಾರ."

ಮುನ್ಶಿ ಅಮೀನರ ಮುಖ ನೋಡಲಿಲ್ಲ. ಬರೆದ. ಓದಿ ಹೇಳಿದ. ದೇವೀಂದ್ರಪ್ಪ ಹೆಬ್ಬಟ್ಟು ಒತ್ತಿದ. ಅದರ ಕೆಳಗೆ ಬಂಡೆಮ್ಮನೂ ಒತ್ತಿದಳು. ಅಮೀನರು ಕಾಗದ ಮಡಚಿ ಜೇಬಿಗಿಟ್ಟು ಕುದುರೆ ಹತ್ತಿದರು. ಅದನ್ನು ಹಾದಿಯಲ್ಲಿ ಹರಿದರೋ, ಕಚೇರಿಗೆ ಒಯ್ದರೋ ಯಾರಿಗೂ ಗೊತ್ತಾಗಲಿಲ್ಲ. ಸಭೆಗೆ ಅಡ್ಡಿ ಬರಲಿಲ್ಲ, ಅಷ್ಟು ಮಾತ್ರ ಖರೆ. ಜವಾನನಂತೂ ಮರುತಿಂಗಳೂ ಬಂದ.

ಅವರು ಹೋದಮೇಲೆ ಬಂಡೆಮ್ಮ ಒಳಗೆ ಹೋಗಿ ಒಲೆ ಹೊತ್ತಿಸಿದಳು. ದೇವೀಂದ್ರಪ್ಪ ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತ. ಹೆಂಡತಿಗೆ ಏನೋ ಹೇಳಬೇಕೆಂದು ಬಂದವನು, ಅವಳಿಗೆ ಹೇಳಲಾಗದೆ ಶಂಕ್ರಮ್ಮನ ಕಡೆ ತಿರುಗಿದ.

"ಸಭಾಕ್ಕ ಹೋಗತೀಯಲ್ಲಾ?"

"ನೀವು ಕಳಸಿದರ ಹೋಗತೀನಿ ದೊಡ್ಡಪ್ಪ."

"ಗಾಡಿ ನಾನೇ ಹೊಡೀತೀನಿ. ನಿಮ್ಮ ದೊಡ್ಡವ್ವನ್ನೂ ಕರಕೋ." ಅವನು ಒಲೆಯ ಮುಂದಿನ ಬೆನ್ನನ್ನೇ ನೋಡುತ್ತ ಹೇಳಿದ. "ತಾ ಉಣಿಸಿದ ಮಂದೀನ ಆಕಿ ಒಮ್ಮಿನೂ ನೋಡಿಲ್ಲ. ನೋಡಿ ಬರಲಿ."